ಆರುನೂರ ಹನ್ನೆರಡನೆಯ ವಿಡಿಯೊ

ಪಾಳಯಂಕೋಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಇಸಕ್ಕಿಮುತ್ತು ಬೆಳಿಗ್ಗೆ ಅಂಗಡಿ ತೆಗೆಯಲು ಬಂದಾಗ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ಕಾದು ಕೂತಿದ್ದರು. ದೊಡ್ಡವಳು ಮುಪ್ಪಿಡಾತಿ, ಹುಟ್ಟಿನಿಂದಲೂ ಕಿವಿ ಕೇಳದವಳು. ಅವಳ ತಂಗಿ ಪೇಚ್ಚಿಗೆ ಇಬ್ಬರಿಗಾಗುವಷ್ಟು ಬಾಯಿ.

"ಅಣ್ಣಾಚ್ಚಿ, ನಿನ್ನೆ ಎರಡು ಅಂಗಡಿ ಸುತ್ತಿ ಬಂದ್ವಿ. ಒಬ್ಬ, ಡಿಸ್ಕ್ ಹಾಳಾಗಿದೆ, ಎಲ್ಲಾ ಅಳಿಸಿ ಕೊಡ್ತೀನಿ ಅಂದ. ಅಳಿಸೋಕೆ ನೀನ್ಯಾಕೋ ಬೇಕು, ನಾನೇ ಬಾವಿಗೆ ಎಸೀತೀನಿ ಅಂತ ಬೈದು ಬಂದೆ."

ಡಿಸ್ಕಿನಲ್ಲಿದ್ದದ್ದು ಮುಪ್ಪಿಡಾತಿಯ ಗಂಡ ಸುಡಲೈಯ ವಿಡಿಯೊಗಳು. ಅವನಿಗೂ ಕಿವಿ ಕೇಳುತ್ತಿರಲಿಲ್ಲ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ದಿನಾ ಬೆಳಿಗ್ಗೆ ಫೋನಿನ ಮುಂದೆ ಕೂತು, ಕೈಸನ್ನೆಯಲ್ಲಿ ಹೆಂಡತಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಕಳಿಸುತ್ತಿದ್ದ. ಹೋದ ತಿಂಗಳು ಹಾಗೆ ಕೂತಲ್ಲೇ ಎದೆನೋವು ಬಂದು ಹೋಗಿಬಿಟ್ಟ. ಜೊತೆಯವರು ನೋಡಿದಾಗ ಚಾರ್ಜ್ ಮುಗಿದ ಫೋನು ಪಕ್ಕದಲ್ಲಿ ಬಿದ್ದಿತ್ತು. ಅದರಲ್ಲಿದ್ದದ್ದನ್ನೆಲ್ಲ ಅವರೇ ಈ ಡಿಸ್ಕಿಗೆ ತುಂಬಿಕೊಟ್ಟಿದ್ದರು.

ಇಸಕ್ಕಿಮುತ್ತು ಡಿಸ್ಕ್ ಜೋಡಿಸಿ ಫೋಲ್ಡರ್ ತೆರೆದ. ಪರದೆಯ ಮೇಲಿನ ಕಿಟಕಿ ಬೆಳ್ಳಗಾಗಿ ನಿಂತು, ತಾನಾಗಿ ಮುಚ್ಚಿಕೊಂಡಿತು. ಇನ್ನೊಮ್ಮೆ ತೆರೆದ, ಅದೇ ಕತೆ. ಫೋಟೊಗಳ ಫೋಲ್ಡರ್ ಮಾತ್ರ ಸಲೀಸಾಗಿ ತೆರೆಯಿತು.

"ಡಿಸ್ಕ್ ಚೆನ್ನಾಗೇ ಇದೆಯಮ್ಮ. ಫೋಲ್ಡರ್ ತೆಗೆದ ತಕ್ಷಣ ಕಂಪ್ಯೂಟರು ಒಂದೊಂದೇ ವಿಡಿಯೊದೊಳಗೆ ಇಣುಕಿ ಪುಟ್ಟ ಚಿತ್ರ ಮಾಡಿ ತೋರಿಸುತ್ತೆ. ಯಾವುದೋ ಒಂದು ಕೆಟ್ಟಿದೆ. ಅಲ್ಲಿಗೆ ಬಂದು ಮುಗ್ಗರಿಸ್ತಿದೆ."

ಚಿತ್ರ ಬೇಡ, ಹೆಸರು ಸಾಕು ಎಂದು ಹೊಂದಿಸಿದ. ಫೋಲ್ಡರ್ ತೆರೆಯಿತು. ಆರುನೂರ ಹನ್ನೆರಡು ವಿಡಿಯೊ. ಅರ್ಧವನ್ನು ಬೇರೆ ಕಡೆ ಹಾಕಿ ಚಿತ್ರಗಳೊಂದಿಗೆ ತೆರೆದು ನೋಡಿದ, ಸರಿಯಾಗಿತ್ತು. ಉಳಿದರ್ಧದಲ್ಲಿ ಮತ್ತೆ ಅರ್ಧ. ಹೀಗೆ ಸೋಸುತ್ತ ಹೋಗಿ ಒಂದು ಉಳಿಯಿತು, ಎಲ್ಲಕ್ಕಿಂತ ಕೊನೆಯದು. ತಾರೀಕು ನೋಡಿ ಅವನ ಕೈ ನಿಂತಿತು.

"ಸಿಕ್ತಾ? ಆ ಒಂದು ಪೀಡೆ ಕಿತ್ತಾಕಿ ಅಣ್ಣಾಚ್ಚಿ," ಅಂದಳು ಪೇಚ್ಚಿ.

ಮುಪ್ಪಿಡಾತಿ ತಾರೀಕು ಓದಿಬಿಟ್ಟಿದ್ದಳು. ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ತಂಗಿಗೆ ಸನ್ನೆ ಮಾಡಿದಳು.

"ಅದೇ ಬೇಕಂತೆ," ಅಂದಳು ಪೇಚ್ಚಿ. "ಮಿಕ್ಕಿದ್ದೆಲ್ಲ ಅವಳು ಫೋನಲ್ಲಿ ನೋಡಿರೋವೇ. ಇದೊಂದು ಬಂದೇ ಇಲ್ಲ."

ಚಿತ್ರೀಕರಣ ಮುಗಿಯುವ ಮೊದಲೇ ಫೋನು ಆರಿಹೋಗಿದ್ದರಿಂದ ಆ ವಿಡಿಯೊಗೆ ತಲೆಬುಡವಿರಲಿಲ್ಲ. ಹಿಂದಿನ ದಿನದ್ದನ್ನು ಮಾದರಿಯಾಗಿಟ್ಟುಕೊಂಡು ಇಸಕ್ಕಿಮುತ್ತು ಜೋಡಿಸಲು ಕೂತ. ಒಂದು ದಿನದ ಕೆಲಸವೆಂದುಕೊಂಡದ್ದು ನಾಲ್ಕು ದಿನ ಹಿಡಿಯಿತು. ಬಲ್ಲವರನ್ನೆಲ್ಲ ಕೇಳಿದ. ಕೊನೆಗೆ ದಕ್ಕಿದ್ದು ಹನ್ನೊಂದು ಸೆಕೆಂಡು. ಅದರಲ್ಲೂ ಮೇಲಿನ ಭಾಗ ಮಾತ್ರ: ಸುಡಲೈಯ ಹಣೆ, ಹುಬ್ಬು, ಕಣ್ಣು. ಮೂಗಿನ ಕೆಳಗೆಲ್ಲ ಬೂದು ಬಣ್ಣದ ಚೌಕಗಳು. ಕೈಗಳು ಎಲ್ಲೂ ಇರಲಿಲ್ಲ.

ತೋರಿಸಬೇಕೋ ಬೇಡವೋ ಎಂದು ಒದ್ದಾಡಿ, ಕಡೆಗೆ ಇಬ್ಬರನ್ನೂ ಕರೆಸಿ ತೋರಿಸಿದ. ಮುಪ್ಪಿಡಾತಿ ಮೂರು ಸಲ ನೋಡಿದಳು. ನಾಲ್ಕನೆಯ ಸಲ ಪರದೆಗೆ ಮುಖ ತಾಗಿಸುವಷ್ಟು ಬಗ್ಗಿ, ಆ ಬೂದು ಚೌಕಗಳನ್ನು ಉಗುರಿನಿಂದ ಕೆರೆದಳು. ಆಮೇಲೆ ತಂಗಿಯ ಕಡೆ ತಿರುಗಿ ಕೈಯಾಡಿಸಿದಳು.

"ಏನಂತಮ್ಮಾ?"

ಪೇಚ್ಚಿ ಪರದೆಯತ್ತ ಬೆರಳು ಮಾಡಿದಳು. "ಹುಬ್ಬು ಮೇಲೆತ್ತಿದ್ದಾರೆ, ನೋಡಿ. ನಮ್ಮ ಸನ್ನೇಲಿ ಹಾಗೆ ಮಾಡಿದ್ರೆ ಪ್ರಶ್ನೆ ಅಂತ. ಭಾವ ಅವಳನ್ನ ಏನೋ ಕೇಳ್ತಿದ್ದಾರೆ."

"ಏನು ಕೇಳ್ತಿದ್ದಾರೆ?"

"ಅದು ಕೈಯಲ್ಲಿರುತ್ತೆ, ಅಣ್ಣಾಚ್ಚಿ."

ಇನ್ನೇನೂ ಮಾಡಲಾಗದೆಂದು ಇಸಕ್ಕಿಮುತ್ತು ಹೇಳಬೇಕಿತ್ತು. ಹೇಳುವ ಅಗತ್ಯವಿರಲಿಲ್ಲ, ಮುಪ್ಪಿಡಾತಿ ಅವನ ಮುಖ ನೋಡಿ ತಿಳಿದುಕೊಂಡಿದ್ದಳು. ಅವಳು ಪರದೆಯ ಮುಂದೆಯೇ ಕೂತಳು. ಹನ್ನೊಂದು ಸೆಕೆಂಡು ಮುಗಿದಾಗಲೆಲ್ಲ ಮತ್ತೆ ಹಾಕು ಎಂದು ಬೆರಳು ತೋರಿಸಿದಳು. ಅವನು ಹಾಕಿದ. ಅವಳ ಕೈಗಳು ಮಡಿಲಿನಿಂದ ಅರ್ಧ ಮೇಲೇಳುತ್ತಿದ್ದವು, ಯಾವ ಉತ್ತರ ಕೊಡಬೇಕೆಂದು ತಿಳಿಯದೆ ಅಲ್ಲೇ ನಿಂತುಬಿಡುತ್ತಿದ್ದವು.