ಹಿಂದಿನ ಕೋಣೆಯ ಹದಿನೇಳು ದಿನ

ಬಾಗಿಲಿನ ಕೆಳಗೆ ಎರಡು ಬೆರಳಿನಷ್ಟು ಸಂದು. ಆ ಸಂದಿನಲ್ಲಿ ಬೆಳಕಿನ ಒಂದು ಪಟ್ಟಿ, ಪಟ್ಟಿಯ ನಡುವೆ ಎರಡು ಪುಟ್ಟ ಪಾದಗಳ ನೆರಳು. ಆ ಕಾಲವನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಮೊದಲು ಬಂದು ನಿಲ್ಲುವುದು ಇದೇ. ನೆರಳು ಬಹಳ ಹೊತ್ತು ಅಲುಗಾಡದೆ ನಿಂತಿರುತ್ತಿತ್ತು. ನಾನು ಒಳಗೆ ಚಾಪೆಯ ಮೇಲೆ ಮಲಗಿ, ಉಸಿರು ಸದ್ದಾಗದಂತೆ ಅದನ್ನೇ ನೋಡುತ್ತಿದ್ದೆ.

ಊರಿಗೆ ಕಾಯಿಲೆ ಬಂದು ಎಲ್ಲವೂ ಮುಚ್ಚಿ ಆಗಲೇ ಮೂರು ತಿಂಗಳಾಗಿತ್ತು. ನಮ್ಮನೆಯವರು ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದರು. ನೀರು ನಿಲ್ಲಿಸುವಂತಿರಲಿಲ್ಲ, ಮನೆಗೂ ಅಲ್ಲಿಗೂ ದಿನವೂ ಓಡಾಡುವಂತಿರಲಿಲ್ಲ. ಹಾಗಾಗಿ ಅಲ್ಲೇ ಉಳಿದುಬಿಟ್ಟರು. ಸಂಜೆ ಫೋನು ಮಾಡಿ "ಹೇಗಿದೀರಾ?" ಅನ್ನುತ್ತಿದ್ದರು. "ಇದೀವಿ" ಅನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ತ್ರಾಣವಿರಲಿಲ್ಲ.

ನಾನು ಅಚ್ಚುಕೂಟವೊಂದಕ್ಕೆ ಕರಡು ತಿದ್ದುತ್ತಿದ್ದೆ. ಅಚ್ಚುಕೂಟ ಬಾಗಿಲು ಹಾಕಿದರೂ ಮಾಲೀಕರು ಕೆಲಸ ನಿಲ್ಲಿಸಲಿಲ್ಲ, ಕಾಗದದ ಕಟ್ಟುಗಳನ್ನು ಮನೆಗೇ ಕಳಿಸಿದರು. ಮಗಳು ತಾರಿಣಿಗೆ ಆಗ ನಾಲ್ಕು ತುಂಬಿ ಎರಡು ತಿಂಗಳು. ಅವಳಿಗೆ ಆಡಲು ಬೀದಿಯಿರಲಿಲ್ಲ, ಜೊತೆಗೆ ಮಕ್ಕಳಿರಲಿಲ್ಲ, ಅಪ್ಪನಿರಲಿಲ್ಲ. ಇದ್ದವಳು ನಾನೊಬ್ಬಳು. ಬೆಳಿಗ್ಗೆ ಕಣ್ಣು ಬಿಟ್ಟ ಗಳಿಗೆಯಿಂದ ಸೆರಗು ಹಿಡಿದಳೆಂದರೆ ಮಲಗುವವರೆಗೂ ಬಿಡುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ಬಚ್ಚಲಿನ ಹೊಸ್ತಿಲ ಮೇಲೆ ಕೂತು "ಅಮ್ಮಾ, ಆಯ್ತಾ? ಅಮ್ಮಾ, ಈಗ ಆಯ್ತಾ?" ಎಂದು ಕೇಳುತ್ತಲೇ ಇರುತ್ತಿದ್ದಳು. ಒಂದು ದಿನ ಸೋಪು ಹಚ್ಚಿದ ಮುಖದಲ್ಲೇ ಗೋಡೆಗೆ ಹಣೆ ಒತ್ತಿ ನಿಂತು, ಎಷ್ಟು ಹೊತ್ತಾದರೂ ಉತ್ತರ ಕೊಡದೆ ಇದ್ದೆ. ಅವಳು ಹೆದರಿ ಚೀರಿದಳು.

ಮನೆಯಲ್ಲಿ ಇನ್ನೊಬ್ಬರಿದ್ದರು. ನಮ್ಮನೆಯವರ ಸೋದರತ್ತೆ ತ್ರಿಪುರಾಂಬ. ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ಎರಡು ದಿನದ ಮಟ್ಟಿಗೆ ಬಂದವರು, ಬಸ್ಸು ನಿಂತುಹೋಗಿ ನಮ್ಮಲ್ಲೇ ಸಿಕ್ಕಿಕೊಂಡಿದ್ದರು. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿ, ಅಣ್ಣತಮ್ಮಂದಿರ ಮಕ್ಕಳನ್ನು ಸಾಕಿದ ಹೆಂಗಸು. ಮಾತು ಬಹಳ ಖಾರ. ಸಾರಿಗೆ ಒಗ್ಗರಣೆ ಹಾಕುವುದರಿಂದ ಹಿಡಿದು ಮಗುವಿಗೆ ಜಡೆ ಹೆಣೆಯುವವರೆಗೆ ನಾನು ಮಾಡಿದ್ದೊಂದೂ ಅವರಿಗೆ ಸರಿಬರುತ್ತಿರಲಿಲ್ಲ. ತಾರಿಣಿಯನ್ನು ಹತ್ತಿರ ಕರೆಯುತ್ತಿದ್ದರು. ಅವಳು ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಡಿಗೆಮನೆಯಿಂದ ಬಂದು ನೋಡುತ್ತೇನೆ, ಮೂರು ದಿನ ಕೂತು ತಿದ್ದಿದ್ದ ಹಾಳೆಗಳ ಮೇಲೆಲ್ಲ ಕೆಂಪು ಗೀಟು. ತಾರಿಣಿ ನನ್ನದೇ ಪೆನ್ನು ಹಿಡಿದು, ನಾನು ಕೂರುವ ಹಾಗೆಯೇ ಬೆನ್ನು ಬಾಗಿಸಿ ಕೂತು, ಒಂದೊಂದು ಸಾಲಿಗೂ ಸುತ್ತು ಹಾಕುತ್ತಿದ್ದಳು. "ಅಮ್ಮಾ, ನಿನ್ನ ಕೆಲಸ ನಾನೇ ಮಾಡ್ಬಿಟ್ಟೆ" ಅಂದಳು.

ಹೊಡೆದೆ. ಒಂದಲ್ಲ, ಮೂರು ಏಟು. ಮೂರನೆಯದಕ್ಕೆ ಅವಳ ತಲೆ ಗೋಡೆಗೆ ತಗುಲಿತು.

ಅತ್ತೆ ಓಡಿಬಂದು ಮಗುವನ್ನು ಎತ್ತಿಕೊಳ್ಳಲು ನೋಡಿದರು. ತಾರಿಣಿ ಅವರ ಕೈಯಿಂದ ಜಾರಿ ನನ್ನ ಮಡಿಲಿಗೇ ನುಗ್ಗಿದಳು. ಹೊಡೆದ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು, ಬಿಕ್ಕುತ್ತಾ ಹಾಗೇ ನಿದ್ದೆಹೋದಳು. ಕೈ ಬಿಡಿಸಿಕೊಳ್ಳಲು ನೋಡಿದೆ. ನಿದ್ದೆಯಲ್ಲೂ ಬಿಗಿಹಿಡಿದಳು.

"ಮಗು ತಪ್ಪು ಮಾಡಿಲ್ಲ ಕಣೇ" ಅಂದರು ಅತ್ತೆ.

"ಗೊತ್ತು ಅತ್ತೆ."

"ಗೊತ್ತಿದ್ದೂ ಹೊಡೀತೀಯಲ್ಲ!"

ಎರಡು ದಿನ ಕಳೆದು ನನಗೆ ಜ್ವರ ಬಂತು. ಆಸ್ಪತ್ರೆಯಿಂದ ಬಂದ ಹುಡುಗಿ ಗಂಟಲಿನ ಪರೀಕ್ಷೆ ಮಾಡಿಕೊಂಡು ಹೋದಳು. ಕಾಯಿಲೆ ಅದೇ ಎಂದು ಮಾರನೆಯ ದಿನ ತಿಳಿಯಿತು. ಹಿಂದಿನ ಕೋಣೆಗೆ ಅದರದೇ ಬಚ್ಚಲಿತ್ತು, ಅದಕ್ಕೆ ಹಿತ್ತಿಲ ಕಡೆ ಒಂದು ಬಾಗಿಲೂ ಇತ್ತು. ಅಲ್ಲಿ ಸೇರಿಕೊಳ್ಳಬೇಕು, ಜ್ವರ ಪೂರ್ತಿ ಬಿಟ್ಟು ಮೂರು ದಿನವಾದ ಮೇಲೆ ಹೊರಗೆ ಬರಬಹುದು ಎಂದು ಆ ಹುಡುಗಿ ಫೋನಿನಲ್ಲಿ ಹೇಳಿದಳು.

ಬಾಗಿಲ ಚಿಲಕ ಹಾಕಿಕೊಂಡು ಚಾಪೆಯ ಮೇಲೆ ಉರುಳಿದೆ. ಮೈ ಕೆಂಡದಂತೆ ಸುಡುತ್ತಿತ್ತು. ಹೊರಗೆ ತಾರಿಣಿ ಬಾಗಿಲು ಬಡಿದು ಅಳುತ್ತಿದ್ದಳು. ಆ ಹೊತ್ತಿನಲ್ಲಿ ನನಗೆ ಭಯವಾಗಬೇಕಿತ್ತು, ಸಂಕಟವಾಗಬೇಕಿತ್ತು. ಎರಡೂ ಆದವು. ಆದರೆ ಅವೆರಡಕ್ಕಿಂತ ಮೊದಲು ಆದದ್ದು ಬೇರೆ: ಇನ್ನು ನನ್ನನ್ನು ಯಾರೂ ಮುಟ್ಟುವುದಿಲ್ಲ ಎಂಬ ನೆಮ್ಮದಿ.

ಮೊದಲ ಮೂರು ದಿನ ಅವಳು ಅತ್ತಳು. ನಾಲ್ಕನೆಯ ದಿನ ಬಡಿಯುವುದು ನಿಂತಿತು. ಬಾಗಿಲ ಕೆಳಗೆ ನೆರಳು ಬಂದು ನಿಲ್ಲತೊಡಗಿತು. ಆಮೇಲೆ ಮಾತು. "ಅಮ್ಮಾ, ಅಜ್ಜಿ ದೋಸೆ ಮಾಡಿದ್ರು. ನಾನು ಎರಡು ತಿಂದೆ." "ಅಮ್ಮಾ, ಕಾಂಪೌಂಡ್ ಮೇಲೆ ಬೆಕ್ಕು ಬಂದಿದೆ, ಬಿಳೀದು." ನಾನು ಮಲಗಿದಲ್ಲಿಂದಲೇ "ಹ್ಞೂಂ ಕಂದಾ" ಅನ್ನುತ್ತಿದ್ದೆ. ಕೆಲವು ಸಲ ಅದನ್ನೂ ಅನ್ನುತ್ತಿರಲಿಲ್ಲ.

ಅತ್ತೆ ದಿನಕ್ಕೆ ಮೂರು ಸಲ ಬಾಗಿಲ ಬಳಿ ತಟ್ಟೆಯಿಟ್ಟು ದೂರ ಸರಿಯುತ್ತಿದ್ದರು. ಬೆವರಿ ತೊಯ್ದ ಬಟ್ಟೆ, ದಿಂಬಿನ ಚೀಲಗಳನ್ನು ನಾನು ಬಕೆಟ್ಟಿಗೆ ಹಾಕಿ ಹೊರಗಿಡುತ್ತಿದ್ದೆ. ಅವರು ಕೋಲಿನಿಂದ ಎತ್ತಿ ಕುದಿಯುವ ನೀರಿಗೆ ಹಾಕುತ್ತಿದ್ದರು. ದಿನವೂ ಬೆಳಿಗ್ಗೆ ಹೊರಗಿನಿಂದ ಕೇಳುವರು, "ಜ್ವರ ಎಷ್ಟಿದ್ಯೇ?" ನಾನು ಥರ್ಮಾಮೀಟರ್ ನೋಡಿ ಹೇಳುವೆ. ನೂರೆರಡು. ನೂರೊಂದು. ನೂರೊಂದೂವರೆ.

ಈ ಕತೆಯನ್ನು ನಾನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದಾಗಲೂ ಹದಿನೇಳು ದಿನ ಜ್ವರದಲ್ಲಿ ಬಿದ್ದಿದ್ದೆ ಎಂದೇ ಹೇಳಿದ್ದೇನೆ. ಜ್ವರ ಬಿಟ್ಟದ್ದು ಎಂಟನೆಯ ದಿನ. ಮತ್ತೆ ಬರಬಹುದೆಂದು ಮೂರು ದಿನ ಅತ್ತೆಗೆ "ಇಳೀತಿದೆ" ಎಂದಷ್ಟೇ ಹೇಳಿದ್ದೆ. ಹನ್ನೊಂದನೆಯ ದಿನ ನಾನು ಹೊರಗೆ ಬರಬಹುದಿತ್ತು.

ಅಂದು ಬೆಳಿಗ್ಗೆ ಬರಬೇಕೆಂದೇ ಎದ್ದಿದ್ದೆ. ತಲೆ ಬಾಚಿಕೊಂಡು ಚಿಲಕದ ಮೇಲೆ ಕೈಯಿಟ್ಟೆ. ಆಚೆ ಯಾವುದಕ್ಕೋ ತಾರಿಣಿ ರಚ್ಚೆ ಹಿಡಿದಿದ್ದಳು, "ಅಮ್ಮಾನೇ ಬೇಕು, ಅಮ್ಮಾನೇ ಬೇಕು" ಎಂದು. ಕೈ ಹಾಗೇ ನಿಂತಿತು. ಆಗ ಅತ್ತೆಯ ಧ್ವನಿ ಕೇಳಿಸಿತು. "ಇವತ್ತು ಎಷ್ಟಿದ್ಯೇ ಜ್ವರ?"

"ನೂರೊಂದು ಅತ್ತೆ" ಅಂದೆ.

ಅತ್ತೆ ತಟ್ಟೆ ಕೆಳಗಿಟ್ಟ ಸದ್ದಾಯಿತು. "ಆಗ್ಲಿ, ಮಲಕ್ಕೋ" ಅಂದರು.

ಹಾಗೆ ಆರು ದಿನ ಸುಳ್ಳು ಹೇಳಿದೆ. ಆ ಆರು ದಿನಗಳಲ್ಲಿ ನಾನು ಮಾಡಿದ ಘನಂದಾರಿ ಕೆಲಸ ಏನೂ ಇಲ್ಲ. ನಿದ್ದೆ ಮಾಡಿದೆ. ಬಿಸಿ ಅನ್ನವನ್ನು ಬಿಸಿಯಿರುವಾಗಲೇ ಉಂಡೆ. ಕಿಟಕಿಯಾಚೆಯ ನುಗ್ಗೆ ಮರದಲ್ಲಿ ಎಲೆ ಉದುರುವುದನ್ನು ಗಂಟೆಗಟ್ಟಲೆ ನೋಡಿದೆ. ನೆರಳು ಬಂದು ನಿಂತಾಗ ಕಣ್ಣು ಮುಚ್ಚಿಕೊಂಡೆ. ನಾಳೆ ಹೋಗುತ್ತೇನೆ ಎಂದು ಪ್ರತಿದಿನವೂ ಅಂದುಕೊಂಡೆ. ದಣಿವೆಂಬುದು ತೊಳೆದಷ್ಟೂ ಕೊಳೆ ಬಿಡುವ ಬಟ್ಟೆಯಂತಿತ್ತು.

ಹದಿನೇಳನೆಯ ದಿನ ತಾರಿಣಿ ಬಾಗಿಲಿಗೆ ಬಾಯಿ ತಾಗಿಸಿ, ಗುಟ್ಟು ಹೇಳುವ ಹಾಗೆ ಮಾತಾಡಿದಳು.

"ಅಮ್ಮಾ, ನಾನೀಗ ಹಠ ಮಾಡಲ್ಲ. ಬೇಕಿದ್ರೆ ಅಜ್ಜೀನ ಕೇಳು. ಪೇಪರ್ ಮೇಲೂ ಬರಿಯಲ್ಲ. ಪೆನ್ನು ಅಜ್ಜಿ ಕೈಲಿ ಕೊಟ್ಬಿಟ್ಟಿದೀನಿ." ಸ್ವಲ್ಪ ತಡೆದು, "ಇನ್ನೂ ಕೋಪ ಇದ್ರೆ ಪರವಾಗಿಲ್ಲ, ನಾಳೆ ಬಾ" ಅಂದಳು.

ಇಷ್ಟು ದಿನ ಅವಳು ಇದನ್ನು ಜ್ವರವೆಂದು ನಂಬಿರಲಿಲ್ಲ. ಶಿಕ್ಷೆಯೆಂದು ತಿಳಿದಿದ್ದಳು.

ಚಿಲಕ ತೆಗೆದು ಹೊರಗೆ ಬಂದೆ. ಓಡಿ ಬಂದು ತೆಕ್ಕೆಗೆ ಬೀಳುತ್ತಾಳೆ ಅಂದುಕೊಂಡು ಮೊಣಕಾಲೂರಿ ಕೂತೆ. ತಾರಿಣಿ ಹಿಂದಕ್ಕೆ ಸರಿದಳು. ಓಡಿಹೋಗಿ ಅತ್ತೆಯ ಸೀರೆಯ ಹಿಂದೆ ಅವಿತು, "ಮುಟ್ಬೇಡ, ಮುಟ್ಬೇಡ" ಎಂದು ಕಿರುಚಿದಳು. ಹದಿನೇಳು ದಿನ ನಾವೇ ಅವಳಿಗೆ ಕಲಿಸಿದ್ದ ಮಾತು.

ಆ ದಿನವೆಲ್ಲ ನನ್ನನ್ನು ದೂರದಿಂದ ನೋಡಿದಳೇ ಹೊರತು ಹತ್ತಿರ ಬರಲಿಲ್ಲ. ಅತ್ತೆಯ ಕೈಯಲ್ಲೇ ಉಂಡಳು. ಸಂಜೆ ಎಲ್ಲಿ ಹೋದಳೆಂದು ಹುಡುಕಿದರೆ, ಹಿಂದಿನ ಕೋಣೆಯ ಬಾಗಿಲನ್ನು ಎಳೆದು ಮುಚ್ಚಿ, ಅದರ ಮುಂದೆ ನಿಂತಿದ್ದಳು. ಒಳಗೆ ಯಾರೂ ಇಲ್ಲ. "ಅಮ್ಮಾ, ಇವತ್ತು ಬೆಕ್ಕು ಬರಲೇ ಇಲ್ಲ" ಎಂದು ಬಾಗಿಲಿಗೆ ಹೇಳುತ್ತಿದ್ದಳು.

ನಾನು ಹಿತ್ತಿಲಿನಿಂದ ಸುತ್ತಿಕೊಂಡು ಹೋಗಿ, ಬಚ್ಚಲಿನ ಹೊರಬಾಗಿಲಿನಿಂದ ಆ ಕೋಣೆಯೊಳಗೆ ಸೇರಿಕೊಂಡೆ. ಸಂದಿನಲ್ಲಿ ನೆರಳು ನಿಂತಿತ್ತು. "ಹ್ಞೂಂ ಕಂದಾ, ನಾಳೆ ಬರತ್ತೆ ಬಿಡು" ಅಂದೆ. ಹೊರಗೆ ಅವಳು ನಕ್ಕಳು. ಹದಿನೇಳು ದಿನವೂ ಅವಳು ಮಾತಾಡಿದಾಗ ನಾನು ಎದ್ದು ಹೋಗದಿದ್ದ ಆ ಬಾಗಿಲಿಗೆ ಅಂದು ಕೆನ್ನೆ ಒತ್ತಿ ಬಹಳ ಹೊತ್ತು ಕೂತು ಮಾತಾಡಿದೆ.

ಮಾರನೆಯ ದಿನ ಅತ್ತೆ ಪಡಸಾಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಕಟ್ಟು ಎಳೆದುಕೊಂಡೆ. ಹೇಳಿಬಿಡಬೇಕು ಅನ್ನಿಸಿತು.

"ಅತ್ತೆ, ನಂಗೆ ಜ್ವರ ಎಂಟನೇ ದಿನವೇ ಬಿಟ್ಟಿತ್ತು."

"ಗೊತ್ತು."

ನನ್ನ ಕೈ ನಿಂತಿತು. ಅವರು ತಲೆಯೆತ್ತಲಿಲ್ಲ.

"ಒಂಬತ್ತನೇ ದಿನ ಬಕೆಟ್ಟಲ್ಲಿ ದಿಂಬಿನ ಚೀಲ ಒಣಗಿತ್ತು. ಮೇಲಾಗಿ ನೀನು ಮಡಿಸಿಟ್ಟಿದ್ದೆ. ಜ್ವರ ಬಂದೋರು ಯಾರಾದ್ರೂ ಒಗೆಯೋ ಬಟ್ಟೆ ಮಡಿಸಿಡ್ತಾರೇನೇ?"

"ಮತ್ತೆ ಯಾಕೆ ಸುಮ್ಮನಿದ್ರಿ? ಬೈಬೇಕಿತ್ತು ನೀವು. ನಾನು ಇಂಥೋಳು ಅಂತ ಗೊತ್ತಾದ ಮೇಲೂ..."

"ನಿನ್ನ ಮೇಲಿನ ಕರುಣೆಯಿಂದ ಸುಮ್ಮನಿದ್ದೆ ಅಂದ್ಕೋಬೇಡ." ಅತ್ತೆಯ ಧ್ವನಿ ಒರಟಾಗಿಯೇ ಇತ್ತು. ಆದರೆ ಸೊಪ್ಪು ಬಿಡಿಸುವ ಬೆರಳುಗಳು ಎಲೆಯನ್ನೂ ದಂಟನ್ನೂ ಒಂದೇ ಕಡೆ ಹಾಕುತ್ತಿದ್ದವು. "ನಮ್ಮಣ್ಣತಮ್ಮಂದಿರ ಏಳು ಮಕ್ಕಳನ್ನ ಈ ಕೈಯಲ್ಲಿ ಬೆಳೆಸಿದೀನಿ ಕಣೇ. ಹಗಲೆಲ್ಲ ನನ್ನ ಸೊಂಟದ ಮೇಲೆ. ಕತ್ತಲಾಯ್ತು ಅಂದ್ರೆ ಒಂದೊಂದೂ ಎದ್ದು ಅವರವರ ಅಮ್ಮನ ಪಕ್ಕಕ್ಕೆ ಹೋಗೋವು. ಒಂದಾದ್ರೂ ನನ್ನ ಹತ್ರ ಉಳೀಲಿಲ್ಲ. ಇದು ಉಳೀತು. ನೀನು ಒಳಗಿದ್ದೆ ಅಂತ ಉಳೀತು. ಅವತ್ತು ಬಾಗಿಲು ತಟ್ಟಿ, ಎದ್ದು ಬಾರೇ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ಮಗು ನಿನಗೋಸ್ಕರ ಅಳ್ತಿದ್ರೂ ಬಾಯಿ ಬರಲಿಲ್ಲ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಮೊರವನ್ನು ತಮ್ಮ ಕಡೆ ಎಳೆದುಕೊಂಡು, ಬೆರೆತುಹೋಗಿದ್ದ ದಂಟುಗಳನ್ನು ಆರಿಸಿ ತೆಗೆಯತೊಡಗಿದರು. ನಾನೂ ಆರಿಸಿದೆ. ಕ್ಷಮಿಸು ಎಂದು ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ನಾವಿಬ್ಬರೂ ಯಾರ ಕ್ಷಮೆ ಕೇಳಬೇಕಿತ್ತೋ ಅವಳು ಒಳಗೆ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದಳು.

ತಾರಿಣಿ ನನ್ನ ಹತ್ತಿರ ಬರಲು ಹನ್ನೆರಡು ದಿನ ಹಿಡಿಯಿತು. ಬಂದದ್ದೂ ಪೂರ್ತಿಯಾಗಿ ಅಲ್ಲ. ಕೂತ ನನ್ನ ಬೆನ್ನಿಗೆ ಬೆನ್ನು ತಾಗಿಸಿ ಕೂರುವಳು, ನಾನು ತಿರುಗಿದರೆ ಎದ್ದುಹೋಗುವಳು. ತಿರುಗದೆ ಇರುವುದನ್ನು ಕಲಿತೆ. ಇಡೀ ದಿನ ಮೈಮೇಲೆ ಬೀಳುತ್ತಿದ್ದ ಮಗು ಬೆರಳು ಕೂಡ ಮುಟ್ಟಿಸದೆ ಓಡಾಡುವಾಗ, ಹಿಂದೆ ಯಾವುದನ್ನು ಹೊರೆಯೆಂದು ನೂಕಿದ್ದೆನೋ ಅದರ ಹಸಿವು ಮೈಯಲ್ಲಿ ಉರಿಯುತ್ತಿತ್ತು. ಹಾಗೆಂದು ದಣಿವೇನೂ ಹೋಗಿರಲಿಲ್ಲ. ಅದೂ ಇತ್ತು, ಇದೂ ಇತ್ತು. ಆ ಸಂಜೆಗಳಲ್ಲಿ ನಮ್ಮನೆಯವರು "ಹೇಗಿದೀರಾ?" ಎಂದಾಗ ಮೊದಲ ಸಲ "ಚೆನ್ನಾಗಿಲ್ಲ" ಅಂದೆ. ಮುಂದಿನ ವಾರ ರಜೆ ಹಾಕಿ ಬಂದರು.

ಬಸ್ಸು ಶುರುವಾದ ಮೊದಲ ವಾರದಲ್ಲೇ ಅತ್ತೆ ಹೊರಟು ನಿಂತರು. "ಇನ್ನೊಂದು ತಿಂಗಳು ಇರಿ" ಅಂದೆ. ಮನಸ್ಸಿನಿಂದಲೇ ಅಂದೆ. "ಬೇಡ್ವೇ, ಇದ್ರೆ ಆಮೇಲೆ ಹೋಗಕ್ಕಾಗಲ್ಲ" ಅಂದರು. ಬಸ್ ನಿಲ್ದಾಣದಲ್ಲಿ ತಾರಿಣಿ ಅವರ ಕುತ್ತಿಗೆ ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿ ಮಗುವನ್ನು ನನ್ನ ಕೈಗೆ ಕೊಟ್ಟರು. ಕೊಡುವಾಗ ನನ್ನ ಮುಖ ನೋಡಿದರು. "ಹೊಡೀಬೇಡ" ಅನ್ನಬಹುದು ಅಂದುಕೊಂಡೆ. "ನಿದ್ದೆಗೆಡಬೇಡ" ಅಂದರು.

ಬಸ್ಸು ಹೋದ ಮೇಲೆ ತಾರಿಣಿ ನನ್ನ ಎದೆಗೆ ಗುದ್ದಿದಳು, ತೋಳು ಕಚ್ಚಿದಳು, ದಾರಿಯುದ್ದಕ್ಕೂ ಅತ್ತಳು. ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿಯ ಜಗಲಿಯಿಂದ ಒಬ್ಬ ಹೆಂಗಸು "ಯಾಕಮ್ಮಾ, ಇಳಿಸಿ ನಡೆಸಬಾರ್ದಾ? ಇಷ್ಟು ದೊಡ್ಡ ಮಗು" ಅಂದಳು. ನಾನು ಇಳಿಸಲಿಲ್ಲ. ನಮ್ಮ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅಳು ಬಿಕ್ಕಾಗಿ, ಬಿಕ್ಕು ಉಸಿರಾಗಿ, ತಲೆ ನನ್ನ ಹೆಗಲ ಮೇಲೆ ಒರಗಿತು.

ಮನೆಯ ಮುಂದೆ ನಿಂತೆ. ಬೀಗದ ಕೈ ತೆಗೆಯಬೇಕೆಂದರೆ ಅವಳನ್ನು ಇನ್ನೊಂದು ಹೆಗಲಿಗೆ ಬದಲಾಯಿಸಬೇಕಿತ್ತು. ಬದಲಾಯಿಸಿದರೆ ಎಚ್ಚರವಾಗಬಹುದಿತ್ತು. ಕೈ ಮರಗಟ್ಟಿತ್ತು, ಸೊಂಟ ಸೀಳುತ್ತಿತ್ತು. ಅವಳ ಕೂದಲಿನಿಂದ ಬೆಳಿಗ್ಗೆ ಅತ್ತೆ ತಟ್ಟಿದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ತೆರೆದ ಬಾಯಿಯಿಂದ ಇಳಿದ ಜೊಲ್ಲು ನನ್ನ ರವಿಕೆಯ ಹೆಗಲನ್ನು ಬೆಚ್ಚಗೆ ತೋಯಿಸುತ್ತಿತ್ತು. ಆ ತೇವ ಆರುವವರೆಗೂ ನಾನು ಹಾಗೇ ಬಿಸಿಲಿನಲ್ಲಿ ನಿಂತಿದ್ದೆ.