ಹಾಡಿಗೆ ಮುಂಚಿನ ಮಾತು

ನಮ್ಮೂರಿನ ಹನ್ನೊಂದು ರಾಕ್ ಬ್ಯಾಂಡುಗಳ ಹಾಡು ಸೇರಿಸಿ ಒಂದು ಆಲ್ಬಮ್ ತರುತ್ತೇನೆಂದು ಹೊರಟವನು ನಾನೇ. ಯಾರೂ ಕೇಳಿರಲಿಲ್ಲ, ಬಿಡಿ. ಇಪ್ಪತ್ತೆರಡು ವರ್ಷದ ಹಿಂದೆ, ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ನೆಲಮಾಳಿಗೆಯಲ್ಲಿ ಕಿವಿ ತೂತು ಬೀಳುವ ಹಾಗೆ ಬಾರಿಸಿ, ಅಕ್ಕಪಕ್ಕದವರಿಂದ ಬೈಸಿಕೊಂಡದ್ದಷ್ಟೇ ನಮ್ಮ ಸಂಪಾದನೆ. ಹನ್ನೊಂದು ಬ್ಯಾಂಡಿಗೂ ಸೇರಿ ಕೇಳುಗರು ಮೂವತ್ತು ಮಂದಿ. ಅದರಲ್ಲೂ ಅರ್ಧ ಜನ ಇನ್ನೊಂದು ಬ್ಯಾಂಡಿನವರು.

ನಾನು ಡ್ರಮ್ಸ್. ಹಾಡುತ್ತಿದ್ದವನು ಸೈರನ್, ಆ ಹೆಸರಿಟ್ಟವನೂ ನಾನೇ. ನಮ್ಮ ಒಂದೇ ಒಂದು ಹಾಡು ರೆಕಾರ್ಡ್ ಆದ ಮೂರನೇ ವಾರಕ್ಕೆ ಅವನ ಬೈಕಿಗೆ ಲಾರಿ ಗುದ್ದಿತು. ಅವನಿಗಾಗ ಇಪ್ಪತ್ತು ವರ್ಷ.

ಆ ಟೇಪು ಇಷ್ಟು ಕಾಲ ನನ್ನ ಅಟ್ಟದಲ್ಲಿತ್ತು. ಅಷ್ಟು ಕೆಟ್ಟುಹೋದ ಟೇಪು ಒಂದೇ ಸಲ ಓಡುತ್ತದೆ. ಓಡುತ್ತಲೇ ಮೇಲಿನ ಲೇಪ ಪುಡಿಯಾಗಿ ಉದುರಿಬಿಡುತ್ತದೆ. ಓಡುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇದು ನನಗೆ ಚೆನ್ನಾಗಿ ಗೊತ್ತು, ಇದೇ ನನ್ನ ಕಸುಬು.

ಆದರೆ ಕೈಗೆ ಹಳೇ ಚಾಳಿ. ಆಗೆಲ್ಲ ಟೇಪು ಸಿಗುವುದೇ ಕಷ್ಟ. ಮಾತಿಗೆ ದಂಡವಾಗಬಾರದೆಂದು, ನನ್ನ ಡ್ರಮ್ ಕೋಲಿನ ಮೊದಲ ಏಟು ಕೇಳಿದ ಮೇಲೇ ರೆಕಾರ್ಡ್ ಬಟನ್ ಒತ್ತುತ್ತಿದ್ದೆವು. ಆವತ್ತು ಯಾರೋ ಮುಂಚೆಯೇ ಒತ್ತಿಬಿಟ್ಟಿದ್ದಾರೆ. ಮೊನ್ನೆ ಟೇಪು ಓಡಿಸಿದಾಗ ಹೆಡ್‌ಫೋನಿನಲ್ಲಿ ಇದ್ದಕ್ಕಿದ್ದಂತೆ ಸೈರನ್ ಮಾತಾಡಿದ. ನಾನು ನಕ್ಕೆ. ನಗುತ್ತಲೇ ಕೋಲಿನ ಏಟಿಗೆ ಕಾದೆ, ಅದು ಬಿದ್ದ ಮೇಲೆ ಕಂಪ್ಯೂಟರಿನಲ್ಲಿ ರೆಕಾರ್ಡ್ ಬಟನ್ ಒತ್ತಿದೆ. ಹಾಡು ಪೂರ್ತಿ ಸಿಕ್ಕಿತು. ಟೇಪು ಕಂದು ಪುಡಿಯಾಯಿತು.

ಹಾಡು ಹಿಡಿದುಕೊಂಡು ಅವನ ತಾಯಿಯ ಹತ್ತಿರ ಹೋದೆ. ಕಿಟಕಿ ಪಕ್ಕ ಕೂತು ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡು ಕೊನೇತನಕ ಕೇಳಿದರು.

"ಬರೀ ಕಿರುಚಾಟ ಕಣೋ. ಇವನು ನನ್ನ ಮಗ ಅಂತ ಹೇಗೆ ನಂಬಲಿ?"

"ಅವನೇ ಅಮ್ಮಾ."

"ಇರಬಹುದು. ಮುಖ ಫೋಟೋದಲ್ಲಿದೆ. ಅವನು ಮಾತಾಡ್ತಿದ್ದದ್ದು ಹೇಗೆ ಅಂತ ಮರೆತೇಹೋಗಿದೆ. ಒಂದೇ ಒಂದು ಮಾತು ಇಲ್ವಾ ಇದ್ರಲ್ಲಿ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆ ತುದಿಗೂ ಬಂದಿತ್ತು.

"ಇತ್ತು ಅಮ್ಮಾ. ನನ್ನ ಕೈಯಾರೆ ಹಾಳು ಮಾಡ್ದೆ."

ಹೇಗೆಂದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನಿಸಿತು. ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು, "ಏನಂದ?" ಎಂದರು.

"'ಬೇಗ ಮುಗಿಸ್ರೋ, ಅಮ್ಮ ಉಣ್ಣದೆ ಕೂತಿರ್ತಾಳೆ' ಅಂದ."

ಅವರು ಕೋಟನ್ನು ಮಡಿಸಿ ಪಕ್ಕಕ್ಕಿಟ್ಟರು. "ಅವನ ಥರಾನೇ ಹೇಳು" ಎಂದರು ಆಮೇಲೆ.

ಹೇಳಿದೆ.

"ಇಷ್ಟು ಮೆತ್ತಗಲ್ಲ. ಅವನು ಯಾವಾಗ್ಲೂ ಸಿಡುಕ್ತಾನೇ ಮಾತಾಡ್ತಿದ್ದ."

ಸಿಡುಕುತ್ತ ಹೇಳಿದೆ. ನಲವತ್ತು ದಾಟಿದವನು, ಸಿಗರೇಟಿನಿಂದ ಕೆಟ್ಟ ಗಂಟಲು. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. "ಅಲ್ಲ. ಇನ್ನೊಂದ್ಸಲ."

ಮೂರನೇ ಸಲ ಹೇಳುವಷ್ಟರಲ್ಲಿ ನನ್ನ ಕಿವಿಯೊಳಗೆ ಉಳಿದಿದ್ದ ಅವನ ಧ್ವನಿಯೂ ಹೋಯಿತು. ನೆನಪಿಸಿಕೊಂಡರೆ ಕೇಳುವುದು ನನ್ನದೇ. ಅದನ್ನು ಅವರಿಗೆ ಹೇಳಲಾಗಲಿಲ್ಲ.

"ಇನ್ನೊಂದ್ಸಲ" ಎಂದರು. ಹೇಳಿದೆ.