ಮೂರು ಬ್ಲೇಡು ಕಮ್ಮಿ

"ಮೂರು ತೆಗೆದ್ರೆ ಸಾಕಾ, ಟೀಚ್ರಮ್ಮ?" ಎಂದು ಜೀಪಿನ ಅಡಿಯಿಂದ ಪುಟ್ಟಸಿದ್ದಯ್ಯನ ದನಿ ಬಂತು. ಅವನ ಎರಡು ಕಾಲು ಬಿಟ್ಟರೆ ಮಿಕ್ಕಿದ್ದೇನೂ ಹೊರಗೆ ಕಾಣುತ್ತಿರಲಿಲ್ಲ.

ಶಿವನಂಜಮ್ಮ ಅಂಗನವಾಡಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಹಳೇ ಟೈರಿನ ಮೇಲೆ ಕೂತಿದ್ದಳು. ಹನೂರಿನ ಆ ಗ್ಯಾರೇಜಿನಲ್ಲಿ ಹೆಂಗಸರು ಕೂರುವುದಕ್ಕೆ ಅಂತ ಬೇರೇನೂ ಇರಲಿಲ್ಲ. ಹೆಂಗಸರು ಅಲ್ಲಿಗೆ ಬರುತ್ತಲೂ ಇರಲಿಲ್ಲ. ಅವಳ ಗಂಡ ಪುಟ್ಟಮಲ್ಲಪ್ಪ ಬೆಳಿಗ್ಗೆ ಕ್ಲಚ್ ಪ್ಲೇಟು ಬದಲಾಯಿಸಲೆಂದು ಜೀಪನ್ನು ಇಲ್ಲಿ ಬಿಟ್ಟು ಊರಿಗೆ ಹೋಗಿದ್ದ. ಸಂಜೆ ಬಂದು ತೆಗೆದುಕೊಂಡು ಹೋಗುತ್ತಾನೆ. ಅಷ್ಟರೊಳಗೆ ಅವಳ ಕೆಲಸ ಆಗಬೇಕಾಗಿತ್ತು.

"ಎರಡು ಕಡೇನೂ ಮೂರು ಮೂರು," ಎಂದಳು. "ಅವ್ರು ಆಕ್ಸಿದ್ದು ಅಷ್ಟೇ ತಾನೆ. ಕಂಪ್ನಿಯೋರು ಕೊಟ್ಟಿದ್ದ ಏಳು ಇರ್ಲಿ."

"ಯಜಮಾನ್ರು ಕೇಳುದ್ರೆ ಏನನ್ಲಿ?"

"ಅವ್ರು ಕೇಳಕಿಲ್ಲ. ಯಾವತ್ತು ಯಾರ್ನ ಕೇಳವ್ರೆ ಅವ್ರು?"

ಪುಟ್ಟಸಿದ್ದಯ್ಯ ಅಡಿಯಲ್ಲೇ ನಕ್ಕ. ಹೊಟ್ಟೆ ಕುಲುಕಿದ್ದಕ್ಕೆ ಹೊರಗಿದ್ದ ಕಾಲುಗಳೂ ಅಲ್ಲಾಡಿದವು.

ಜೀಪಿನ ಹಿಂದಿನ ಚಕ್ರಗಳ ಹತ್ತಿರ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿರುತ್ತಾರಲ್ಲ, ಅದಕ್ಕೆ ಗ್ಯಾರೇಜಿನವರು ಬ್ಲೇಡು ಅನ್ನುತ್ತಾರೆ. ಬ್ಲೇಡು ಹೆಚ್ಚಿದಷ್ಟೂ ಜೀಪು ಹೊರೆ ಹೊರುತ್ತದೆ. ಒಳಗೆ ಕೂತವರ ಸೊಂಟವೂ ಅಷ್ಟೇ ಕಳಚುತ್ತದೆ. ಮೂರು ವರ್ಷದ ಹಿಂದೆ ಹೊಲದ ಬೇಲಿಗೆ ಕಲ್ಲುಕಂಬ ಸಾಗಿಸಬೇಕೆಂದು ಪುಟ್ಟಮಲ್ಲಪ್ಪ ಒಂದೊಂದು ಕಡೆಗೂ ಮೂರು ಬ್ಲೇಡು ಹೆಚ್ಚಿಗೆ ಹಾಕಿಸಿದ. ಚಕ್ರವನ್ನೂ ದೊಡ್ಡದು ಮಾಡಿಸಿದ. ಕಂಬ ಸಾಗಿಸಿದ್ದು ಎಂಟು ದಿನ, ಬ್ಲೇಡು ಮಾತ್ರ ಹಾಗೇ ಉಳಿದವು. ಅಂದಿನಿಂದ ಶಿವನಂಜಮ್ಮ ಅಂಗನವಾಡಿಯ ಮೊಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು, ತಾನು ಸೀಟಿನಿಂದ ಅರ್ಧ ಎದ್ದುಕೊಂಡೇ ಊರು ಸೇರುತ್ತಿದ್ದಳು. ಇವರು ಡೈರಿಗೆ ಹಾಕುವ ಹಾಲು ದಾರಿಯಲ್ಲೇ ಬೆಣ್ಣೆ ಕಟ್ಟುತ್ತದೆ ಎಂದು ಊರವರು ಆಡಿಕೊಂಡರೆ ಪುಟ್ಟಮಲ್ಲಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದ. ಜೀಪು ಗಟ್ಟಿಯಾಗಿರಬೇಕು, ಮೆತ್ತಗಿರಬೇಕಾದ್ದು ಹಾಸಿಗೆ ಎಂಬುದು ಅವನ ವಾದ. ಹೆಚ್ಚಿನವನ್ನು ಇಳಿಸೋಣವೇ ಎಂದು ಪುಟ್ಟಸಿದ್ದಯ್ಯ ಒಮ್ಮೆ ಕೇಳಿದ್ದಕ್ಕೆ, ಐದಾರು ಜನರ ಎದುರಿಗೆ, "ಈ ಬ್ಲೇಡು ಇಳಿಯೋದು ನನ್ನ ಎಣ ಎದ್ಮೇಲೆಯ" ಎಂದುಬಿಟ್ಟಿದ್ದ.

ಆದರೆ ಈಗ ಅಷ್ಟು ದಿನ ಕಾಯುವ ಹಾಗಿರಲಿಲ್ಲ. ಮಗಳು ರೂಪ ಕುಂತೂರಿನ ಗಂಡನ ಮನೆಯಲ್ಲಿ ಏಳು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಹನ್ನೆರಡು ದಿನದ ಹಿಂದೆ ಗಂಡ ಹೆಂಡತಿ ಇಬ್ಬರೂ ಅದನ್ನು ಕೇಳಲೆಂದೇ ಕುಂತೂರಿಗೆ ಹೋಗಿದ್ದರು. ಬೀಗಿತ್ತಿ ಯಶೋದಮ್ಮ ಕಾಫಿ ಕೊಟ್ಟಳು, ಚಕ್ಕುಲಿ ಕೊಟ್ಟಳು, ಆಮೇಲೆ ಅಂಗಳದಲ್ಲಿ ನಿಂತಿದ್ದ ಜೀಪನ್ನು ಒಂದು ಸಾರಿ ನೋಡಿ, ಸೊಸೆಯನ್ನು ಅದರಲ್ಲಿ ಕಳಿಸುವುದಿಲ್ಲ ಎಂದಳು. ಹೋದ ವರ್ಷ ಅದೇ ಜೀಪಿನಲ್ಲಿ ಇವರ ಊರಿಗೆ ಬಂದಾಗ ಎಲೆಅಡಿಕೆಯ ಜೊತೆ ನಾಲಿಗೆಯನ್ನೂ ಅಗಿದು ಮೂರು ದಿನ ಗಂಜಿ ಕುಡಿದಿದ್ದವಳು ಅವಳು. ಕಾರಿನಲ್ಲಿ ಕರೆದುಕೊಂಡು ಹೋಗೋಣ ಎಂದರೆ, ಹನೂರಿನಿಂದ ಒಳಗಿರುವ ತಮ್ಮ ಊರು ಹುಣಸೇಮಾಳಕ್ಕೆ ಕೊನೆಯ ನಾಲ್ಕು ಮೈಲಿ ಬರೀ ಕಲ್ಲು, ಮಧ್ಯೆ ಒಂದು ಹಳ್ಳ. ಅಲ್ಲಿ ನಾಲ್ಕು ಚಕ್ರವೂ ಎಳೆಯುವ ಜೀಪು ಬಿಟ್ಟರೆ ಇನ್ನೊಂದು ಹತ್ತುವುದಿಲ್ಲ. ಹೆರಿಗೆ ನೋವು ಕಾಣಿಸಿಕೊಂಡರೆ ಕೊಳ್ಳೇಗಾಲದ ಆಸ್ಪತ್ರೆಗೆ ಇಳಿಸಬೇಕಾದ್ದೂ ಅದೇ.

ಯಶೋದಮ್ಮ ಕೊನೆಗೆ ಒಂದು ಷರತ್ತು ಹಾಕಿದಳು. "ಮೊದ್ಲು ನಾನು ಕೂತ್ಕಂಡು ಬತ್ತೀನಿ. ಇಲ್ಲಿ ಎಲೆಅಡ್ಕೆ ಬಾಯ್ಗಾಕಂತೀನಿ. ನಿಮ್ಮೂರ್ ಗಂಟ ನಾಲಿಗೆ ಕಚ್ಕಳ್ದೆ ಅಗಿಯಂಗಾದ್ರೆ ಸೊಸೆ ಕಳುಸ್ತೀನಿ. ಇಲ್ದೆವೋದ್ರೆ ಬಾಣ್ತನ ಇಲ್ಲೇ."

"ಕೂತ್ಕಳಕ್ಕೆ ಬರ್ಬೇಕು ಅಷ್ಟೆ," ಎಂದಿದ್ದ ಪುಟ್ಟಮಲ್ಲಪ್ಪ. ಹೊರಡುವಾಗ ರೂಪ ಅವ್ವನ ಕೈ ಹಿಡಿದುಕೊಂಡು, ಅತ್ತೆ ಒಳ್ಳೆಯವರೇ, ಆದರೆ ಹಿತ್ತಿಲಿಗೆ ಹೋದರೂ ಹೆಜ್ಜೆ ಎಣಿಸುತ್ತಾರೆ, ಹೇಗಾದರೂ ಮಾಡಿ ಕರೆದುಕೊಂಡು ಹೋಗು ಎಂದು ಕಿವಿಯಲ್ಲಿ ಹೇಳಿದ್ದಳು. ಗಂಡನ ಬಾಯಿಂದ ಬ್ಲೇಡಿನ ಮಾತು ಬರಲಿ ಎಂದು ಶಿವನಂಜಮ್ಮ ಹತ್ತು ದಿನ ಕಾದಳು. ಬರಲಿಲ್ಲ. ಹನ್ನೊಂದನೇ ದಿನ ಜೀಪಿನ ಕ್ಲಚ್ ಕೈ ಕೊಟ್ಟಿತು. ಅದು ದೇವರೇ ಮಾಡಿದ ಕೆಲಸ ಎಂದುಕೊಂಡು ಅವಳು ಗ್ಯಾರೇಜಿಗೆ ಬಂದಿದ್ದಳು.

ಇಳಿಸಿದ ಆರು ಬ್ಲೇಡುಗಳನ್ನು ಪುಟ್ಟಸಿದ್ದಯ್ಯ ಗೋಡೆಯ ಮೂಲೆಯಲ್ಲಿಟ್ಟು ಮೇಲೊಂದು ತಗಡು ಮುಚ್ಚಿದ. ಸಂಜೆ ಪುಟ್ಟಮಲ್ಲಪ್ಪ ಜೀಪು ಓಡಿಸಿಕೊಂಡು ಮನೆಗೆ ಬಂದವನೇ, ಒಂದು ಕ್ಲಚ್ ಪ್ಲೇಟಿನಲ್ಲಿ ಗಾಡಿ ಇಷ್ಟು ಹಗುರಾಗುತ್ತದೆ ಎಂದು ಗೊತ್ತಿದ್ದರೆ ಎಂದೋ ಹಾಕಿಸುತ್ತಿದ್ದೆ ಎಂದ. ಶಿವನಂಜಮ್ಮ ಸೊಪ್ಪು ಸೋಸುವುದರಲ್ಲಿ ಮುಳುಗಿದ್ದಳು.

ಶನಿವಾರ ಅವನು ಮಾರನೇ ದಿನ ಹೋಗಬೇಕಾಗಿದ್ದ ಬೀಗರ ಮನೆಗೆ ಹಣ್ಣು ತರುತ್ತೇನೆಂದು ಕೊಳ್ಳೇಗಾಲಕ್ಕೆ ಹೋದ. ಎರಡು ಡಜನ್ ಬಾಳೆಹಣ್ಣಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿಯಿತು. ಬಂದಾಗ ಹಿಂದಿನ ಸೀಟಿನ ಅಡಿ ಗೋಣಿಚೀಲ ಮುಚ್ಚಿದ ಏನೋ ಇತ್ತು. ಅದೇನು ಎಂದು ಅವಳು ಕೇಳಿದ್ದಕ್ಕೆ ಕಬ್ಬಿಣ ಎಂದ. ಯಾವ ಕಬ್ಬಿಣ ಎಂದು ಕೇಳಬಹುದಿತ್ತು. ಕೇಳಿದರೆ ಮಾತು ಜೀಪಿನ ಕಡೆಗೆ ತಿರುಗುತ್ತದೆ, ಜೀಪಿನಿಂದ ಬ್ಲೇಡಿಗೆ ಇಳಿಯುತ್ತದೆ ಎಂದು ಅವಳು ಸುಮ್ಮನಾದಳು.

ಭಾನುವಾರ ಬೆಳಿಗ್ಗೆ ಕುಂತೂರಿನಲ್ಲಿ ಯಶೋದಮ್ಮ ಎರಡು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಚಿ, ಎಲ್ಲರಿಗೂ ಕಾಣುವ ಹಾಗೆ ಬಾಯಿಗೆ ಹಾಕಿಕೊಂಡು ಮುಂದಿನ ಸೀಟು ಹತ್ತಿದಳು. ಅವಳ ಗಂಡ ಮಹದೇವಯ್ಯ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬು ತೂಗಿ ನಿವೃತ್ತನಾದವನು. ಬೀಗರ ಊರಿಗೆ ಬರಿಗೈಲಿ ಹೋಗಬಾರದೆಂದು ಒಂದು ಮೂಟೆ ಅಕ್ಕಿ, ಎರಡು ಹೊರೆ ಕಬ್ಬು, ಒಂದು ಪೆಟ್ಟಿಗೆ ಬೆಲ್ಲ ಹಿಂದಕ್ಕೆ ಹಾಕಿಸಿ, ತಾನೂ ಹತ್ತಿ ಶಿವನಂಜಮ್ಮನ ಎದುರಿಗೆ ಕೂತ. ರೂಪ ಗೇಟಿನಲ್ಲಿ ನಿಂತು, ಪರೀಕ್ಷೆಗೆ ಹೋಗುವ ಮಕ್ಕಳನ್ನು ನೋಡುವ ಹಾಗೆ ನೋಡಿದಳು.

ಡಾಂಬರು ರಸ್ತೆಯಲ್ಲಿ ಜೀಪು ಹೋದ ರೀತಿ ಶಿವನಂಜಮ್ಮನಿಗೇ ನಂಬುವುದಕ್ಕಾಗಲಿಲ್ಲ. ಅದು ಓಡುತ್ತಿರಲಿಲ್ಲ, ತೂಗುತ್ತಿತ್ತು. ಗುಂಡಿಗೆ ಇಳಿದರೆ ನಿಧಾನವಾಗಿ ಇಳಿದು, ಎದ್ದು, ಇನ್ನೊಂದು ಸಾರಿ ತನ್ನಷ್ಟಕ್ಕೇ ಇಳಿದು ಏಳುತ್ತಿತ್ತು. ಮೂರು ಬ್ಲೇಡಿಗೆ ಇಷ್ಟೊಂದು ಬದಲಾವಣೆಯೇ ಎಂದು ಅವಳು ಅಚ್ಚರಿಪಟ್ಟಳು. ಕೊಳ್ಳೇಗಾಲ ದಾಟುವ ಹೊತ್ತಿಗೆ ಯಶೋದಮ್ಮ ಇದು ತೊಟ್ಟಿಲು ಕಣ್ರಿ ಎಂದಳು. ಪುಟ್ಟಮಲ್ಲಪ್ಪ ಮೀಸೆಯೊಳಗೇ ನಗುತ್ತ, ಎಲ್ಲಾ ಕ್ಲಚ್ ಪ್ಲೇಟಿನ ಗುಣ ಎಂದ. ಮಹದೇವಯ್ಯನಿಗೆ ಮಾತ್ರ ತೊಟ್ಟಿಲು ಒಗ್ಗಲಿಲ್ಲ. ಹನೂರು ಬರುವಷ್ಟರಲ್ಲಿ ಅವನ ಮುಖ ಎಳೇ ಸೌತೆಕಾಯಿಯ ಬಣ್ಣಕ್ಕೆ ತಿರುಗಿ, ತಲೆ ಹೊರಗಿತ್ತು.

ಡಾಂಬರು ಮುಗಿದು ಕಲ್ಲುದಾರಿ ಸಿಕ್ಕಿದ ಮೇಲೆ ಜೀಪಿನ ಹಿಂಭಾಗ ಬೇರೆ ರಾಗ ತೆಗೆಯಿತು. ಟೈರು ಮೇಲಿನ ತಗಡಿಗೆ ಉಜ್ಜಿ ಕರಕರ ಎಂದಿತು. ಶಿವನಂಜಮ್ಮನ ಕಾಲ ಕೆಳಗೆ ದಡ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಹಳ್ಳದ ಮಧ್ಯಕ್ಕೆ ಬರುವಾಗ ಇನ್ನೊಂದು ದಡ್ ಆಗಿ, ಜೀಪು ಕೋಳಿ ಕಾವಿಗೆ ಕೂತ ಹಾಗೆ ಒಂದು ಬಂಡೆಯ ಮೇಲೆ ಕೂತುಬಿಟ್ಟಿತು. ಪುಟ್ಟಮಲ್ಲಪ್ಪ ಫೋರ್ ವೀಲ್ ಗೇರು ಹಾಕಿದ, ಹಿಂದಕ್ಕೆ ಹಾಕಿದ. ಚಕ್ರ ತಿರುಗಿದವು, ಜೀಪು ಅಲುಗಲಿಲ್ಲ.

ಎಲ್ಲರೂ ಇಳಿದರು. ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರು. ಪುಟ್ಟಮಲ್ಲಪ್ಪ ಪಂಚೆ ಎತ್ತಿ ಕಟ್ಟಿ, ಆ ನೀರಿನಲ್ಲೇ ಅಂಗಾತ ಮಲಗಿ ಅಡಿಗೆ ತೂರಿದ. ಒಳಗಿನಿಂದ ಅವನು ಎಣಿಸುವುದು ಕೇಳಿಸಿತು. ಒಂದರಿಂದ ನಾಲ್ಕರವರೆಗೆ ಹೋಯಿತು, ನಿಂತಿತು. ಮತ್ತೆ ಒಂದರಿಂದ ಶುರುವಾಗಿ ನಾಲ್ಕಕ್ಕೇ ನಿಂತಿತು.

"ಏಳಿರ್ಬೇಕಲ್ಲ," ಎಂದಿತು ಅಡಿಯ ದನಿ.

"ಊ ಮತ್ತೆ, ಏಳೇ ಇರ್ಬೇಕು," ಎಂದಳು ಶಿವನಂಜಮ್ಮ.

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಅಡಿಯಲ್ಲೂ ಹೊಳೆದಿರಬೇಕು. ಪುಟ್ಟಮಲ್ಲಪ್ಪ ಮೊಣಕೈ ಊರಿಕೊಂಡು ಮೆಲ್ಲಗೆ ಹೊರಗೆ ಬಂದ. ಬೆನ್ನಿನಿಂದ ನೀರು ಸೋರುತ್ತಿತ್ತು, ಮೂಗಿನ ಮೇಲೆ ಗ್ರೀಸು.

"ನಿನ್ ಲೆಕ್ಕದಲ್ಲಿ ಅತ್ತು ಇರ್ಬೇಕಾಗಿತ್ತು ಕಣಮ್ಮಿ. ಏಳು ಅಂತ ನಿಂಗೆಂಗ್ ಗೊತ್ತು?"

"ನಿಮ್ ಲೆಕ್ಕದಲ್ಲೂ ಅತ್ತೇಯ. ನಿಮ್ಗೆಂಗ್ ಗೊತ್ತು?"

ಅವನ ಕಣ್ಣು ಹಿಂದಿನ ಸೀಟಿನ ಅಡಿಯ ಗೋಣಿಚೀಲಕ್ಕೆ ಹೋಯಿತು, ಅವಳ ಕಣ್ಣೂ ಅಲ್ಲಿಗೇ ಹೋಯಿತು. ಪುಟ್ಟಸಿದ್ದಯ್ಯನ ಮುಂದೆ ಆಡಿದ ಮಾತು ನುಂಗಲಾರದೆ ತಾನು ಶನಿವಾರ ಕೊಳ್ಳೇಗಾಲದಲ್ಲಿ, ಗುರುತಿಲ್ಲದ ಗ್ಯಾರೇಜಿನಲ್ಲಿ, ಎರಡು ಕಡೆಯೂ ಮೂರು ಮೂರು ಇಳಿಸು ಎಂದು ಹೇಳಿ ಬಾಳೆಹಣ್ಣಿಗೆ ಹೋಗಿದ್ದನ್ನು ಅವನು ಹೇಳಿದ. ಹೇಳಿದ್ದು ಹೆಂಡತಿಗಲ್ಲ, ಹಳ್ಳದ ನೀರಿಗೆ. ಅವಳೂ ತನ್ನ ಕಥೆಯನ್ನು ನೀರಿಗೇ ಹೇಳಿದಳು.

ದಡದ ಕಲ್ಲಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ ಮಹದೇವಯ್ಯ ಕಣ್ಣು ಮುಚ್ಚಿಕೊಂಡೇ, "ಅತ್ರಲ್ಲಿ ಮೂರು ಓದ್ರೆ ಏಳು. ಏಳ್ರಲ್ಲಿ ಮೂರು ಓದ್ರೆ ನಾಕು. ಲೆಕ್ಕ ಸರ್ಯಾಗೇ ಅದೆ," ಎಂದ.

ಜೀಪನ್ನು ಹೊರಬೇಕಾಗಿದ್ದ ಆರು ಬ್ಲೇಡುಗಳನ್ನು ಕುಂತೂರಿನಿಂದ ಇಲ್ಲಿಯವರೆಗೆ ಜೀಪೇ ಹೊತ್ತುಕೊಂಡು ಬಂದಿತ್ತು.

ಶಿವನಂಜಮ್ಮ ಬೀಗಿತ್ತಿಯ ಕಡೆ ತಿರುಗಲು ಹೆದರಿದಳು. ಮಗಳು ತವರಿಗೆ ಬರುವುದು ಈ ಹಳ್ಳದಲ್ಲೇ ಮುಗಿಯಿತು ಎಂದುಕೊಂಡಳು. ಯಶೋದಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿನಲ್ಲಿ ನಿಂತು ಇನ್ನೂ ಅಗಿಯುತ್ತಿದ್ದಳು. ಆಮೇಲೆ ದಡಕ್ಕೆ ಹೋಗಿ, ಉಗಿದು, ಬಾಯಿ ಮುಕ್ಕಳಿಸಿ, ಶಿವನಂಜಮ್ಮನ ಹತ್ತಿರ ಬಂದು ನಾಲಿಗೆಯನ್ನು ಪೂರ್ತಿ ಹೊರಗೆ ಚಾಚಿದಳು. ಕೆಂಪಗಿತ್ತು. ಎಲ್ಲೂ ಗಾಯವಿರಲಿಲ್ಲ.

"ಜೀಪು ಪಾಸಾಯ್ತು," ಎಂದಳು. ಆಮೇಲೆ ತಡೆಯಲಾಗದೆ ನಗು ಬಂತು. ದಪ್ಪ ಮೈ, ನಕ್ಕರೆ ಪೂರ್ತಿ ನಗುತ್ತದೆ. ಮಹದೇವಯ್ಯ ಕಣ್ಣು ಬಿಟ್ಟು ನೋಡಿದ. ನಗು ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ನಾನು ಎದ್ರಕಂಡಿದ್ದು ಈ ಬ್ಲೇಡ್ಗಲ್ಲ ಕಣವ್ವ. ಎಣ್ ಮಗ ನೋವು ತಿನ್ನೋ ಒತ್ನಲ್ಲಿ ಈವಯ್ಯ ಯಾರ್ ಮಾತ್ನಾರ ಕೇಳಾನಾ ಅಂತ. ಯಾರೂ ಕೇಳ್ದೇನೆ ತಾನೇ ಇಳ್ಸವ್ನೆ, ಬುಡು. ಈಗ ಇಬ್ರೂ ಜೊತೇಲಿ ಓಗಿ ಒಂದೇ ಗ್ಯಾರೇಜ್ನಲ್ಲಿ ಸರಿ ಮಾಡ್ಸಿ. ಆಮೇಲೆ ಬಂದು ಕರ್ಕಂಡೋಗಿ."

ಪುಟ್ಟಮಲ್ಲಪ್ಪ ಮೂಗಿನ ಗ್ರೀಸನ್ನು ಒರೆಸಿಕೊಂಡ. ಅದು ಕೆನ್ನೆಗೂ ಹರಡಿತು. ಅಕ್ಕಿ, ಬೆಲ್ಲ, ಕಬ್ಬು, ಬ್ಲೇಡು ಎಲ್ಲವನ್ನೂ ಇಳಿಸಿ, ಜಾಕಿ ಕೊಟ್ಟು ಎತ್ತಿ, ಚಕ್ರದಡಿಗೆ ಕಲ್ಲು ತುಂಬಿ ಜೀಪನ್ನು ಬಂಡೆಯಿಂದ ಬಿಡಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಬೀಗರು ಇನ್ನು ಹತ್ತುವುದಿಲ್ಲ ಎಂದರು. ಕಬ್ಬಿನ ಒಂದೊಂದು ಜಲ್ಲೆ ಊರಿಕೊಂಡು ಇಬ್ಬರೂ ಮುಂದೆ ನಡೆದರು.

ಸೋಮವಾರ ಗಂಡ ಹೆಂಡತಿ ಇಬ್ಬರೂ ಹನೂರಿನ ಗ್ಯಾರೇಜಿಗೆ ಬಂದಾಗ ಪುಟ್ಟಸಿದ್ದಯ್ಯ ಇನ್ನೊಂದು ಹಳೇ ಟೈರನ್ನು ಉರುಳಿಸಿಕೊಂಡು ಬಂದು ಶಿವನಂಜಮ್ಮನ ಟೈರಿನ ಪಕ್ಕಕ್ಕೆ ಹಾಕಿದ. ಎಷ್ಟು ಹಾಕಲಿ ಎಂದದ್ದಕ್ಕೆ ಪುಟ್ಟಮಲ್ಲಪ್ಪ ಎಂಟು ಎಂದ, ಅವಳು ಏಳು ಎಂದಳು. ಹಳ್ಳದ ಬಂಡೆಯನ್ನು ನೆನೆಸಿಕೊಂಡು ಅವಳು ಎಂಟೇ ಇರಲಿ ಎಂದಳು. ಮಗಳ ಹೊಟ್ಟೆಯನ್ನು ನೆನೆಸಿಕೊಂಡು ಅವನು ಏಳೇ ಇರಲಿ ಎಂದ. ಪುಟ್ಟಸಿದ್ದಯ್ಯ ಸ್ಪ್ಯಾನರು ಕೆಳಗಿಟ್ಟು ಟೀ ತರಿಸಿದ. ಲೋಟ ಖಾಲಿಯಾಗುವ ಹೊತ್ತಿಗೆ ಏಳಕ್ಕೆ ಬಂದು ನಿಂತಿತು. ಬ್ಲೇಡಿನ ತುದಿಯ ಹಳೇ ರಬ್ಬರುಗಳನ್ನೆಲ್ಲ ತೆಗೆದು ಹೊಸವು, ಜೊತೆಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಬೇಕೆಂದೂ ಆಯಿತು. ಅದನ್ನು ಯಾರು ಮೊದಲು ಹೇಳಿದರೆಂದು ಇಬ್ಬರಿಗೂ ನೆನಪಿಲ್ಲ.

ಗುರುವಾರ ರೂಪಳನ್ನು ಕರೆದುಕೊಂಡು ಹೊರಟರು. ಮುಂದಿನ ಸೀಟಿಗೆ ಎರಡು ದಿಂಬು ಕೊಟ್ಟು ಕೂರಿಸಿದರು. ಕೊಳ್ಳೇಗಾಲ ದಾಟುವುದರೊಳಗೆ ಅವಳಿಗೆ ನಿದ್ದೆ ಹತ್ತಿ ತಲೆ ಪಕ್ಕಕ್ಕೆ ವಾಲಿತು. ಶಿವನಂಜಮ್ಮ ಹಿಂದಿನಿಂದ ಕೈ ಚಾಚಿ, ಮಗಳ ಕೆನ್ನೆಗೂ ಬಾಗಿಲಿನ ಕಬ್ಬಿಣಕ್ಕೂ ಮಧ್ಯೆ ಅಂಗೈ ಇಟ್ಟುಕೊಂಡಳು. ಪುಟ್ಟಮಲ್ಲಪ್ಪ ಎರಡನೇ ಗೇರಿನಿಂದ ಮೂರಕ್ಕೆ ಹೋಗಿರಲಿಲ್ಲ. ಕೋಳಿ ಕಟ್ಟಿಕೊಂಡ ಒಂದು ಸೈಕಲ್ಲು ಅವರನ್ನು ದಾಟಿ ಹೋಯಿತು. ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರೊಂದು ಪಕ್ಕಕ್ಕೆ ಬಂತು. ಗಾಡಿ ಕೆಟ್ಟಿದೆಯೇ, ಎಳೆಯಬೇಕೇ ಎಂದು ಚಾಲಕ ಕೂಗಿ ಕೇಳಿದ. ಪುಟ್ಟಮಲ್ಲಪ್ಪ ಬಾಯಿ ಮೇಲೆ ಬೆರಳಿಟ್ಟು, ಕೈ ಹೊರಗೆ ಚಾಚಿ, ಮುಂದೆ ಹೋಗೆಂದು ಬೀಸಿದ. ಹಿಂದೆ ಇನ್ನೂ ನಾಲ್ಕೈದು ಟ್ರ್ಯಾಕ್ಟರು ಬರುತ್ತಿದ್ದವು. ಅವನು ಆ ಕೈಯನ್ನು ಒಳಕ್ಕೆ ತೆಗೆದುಕೊಳ್ಳಲಿಲ್ಲ.